ಎರಡೇ ಎಲೆಕ್ಟ್ರಾನ್, ಮೂರು ತಿಂಗಳು

ಎಂ.ಎಸ್‌ಸಿ. ಕ್ಲಾಸಿನಲ್ಲಿ ಸೂರ್ಯನ ಜ್ವಾಲೆಯ ಎಕ್ಸ್-ರೇ ಸ್ಪೆಕ್ಟ್ರಮ್ ತೋರಿಸುತ್ತಿದ್ದೆ. ಕಬ್ಬಿಣದ ಗೆರೆಗಳು ಬಂದವು. ಸಂಡೂರಿನ ಹುಡುಗನೊಬ್ಬ ಕೇಳಿದ: "ಸರ್, ನಮ್ಮ ಗುಡ್ಡದಾಗಿರೋ ಕಬ್ಬಿಣಾನೇ ಏನ್ರೀ ಇದು?" ಅದೇ ಕಬ್ಬಿಣ, ಆದರೆ 26 ಎಲೆಕ್ಟ್ರಾನ್‌ಗಳಲ್ಲಿ 24 ಹೋಗಿ ಎರಡೇ ಉಳಿದಿರುವುದು. ಹೀಲಿಯಂನಲ್ಲೂ ಎರಡೇ, ಅದಕ್ಕೇ ಹೀಲಿಯಂನಂಥ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಅನ್ನುವುದು. "ಹಂಗಾದ್ರ ಈ ಗೆರೆಗಳ ಬಲ ಲೆಕ್ಕ ಹಾಕೋದು ಹೆಂಗ್ರೀ?" ಅಂದ. ಪುಸ್ತಕದ ಅಂಕಿಗಳು ಗೊತ್ತಿದ್ದವು. ನಾನೇ ಹಾಕಿ ನೋಡಿರಲಿಲ್ಲ. ಬೇಸಿಗೆ ರಜೆ ಹತ್ತಿರವಿತ್ತು, ಬಳ್ಳಾರಿಯ ಬಿಸಿಲಿಗೆ ಹೊರಗೆ ಹೋಗುವ ಮಾತೇ ಇಲ್ಲ. ಕೂತೆ.

ಗೆರೆಗಳು ನಾಲ್ಕು. ಡಬ್ಲ್ಯು, ಎಕ್ಸ್, ವೈ, ಜೆಡ್ ಅಂತ ಹೆಸರು. ಕಬ್ಬಿಣದಲ್ಲಿ ನಾಲ್ಕೂ 6.63ರಿಂದ 6.70 ಕಿಲೋ ಎಲೆಕ್ಟ್ರಾನ್ ವೋಲ್ಟ್ ನಡುವೆ ಬೀಳುತ್ತವೆ. ಎಲೆಕ್ಟ್ರಾನ್ ಮೇಲಿನ ಸ್ಥಿತಿಯಿಂದ ಕೆಳಗಿಳಿಯುವುದು ಟ್ರಾನ್ಸಿಷನ್, ಅದು ಸೆಕೆಂಡಿಗೆ ಎಷ್ಟು ಸಲ ಅನ್ನುವುದೇ ಗೆರೆಯ ಬಲ. ಡಬ್ಲ್ಯು ಸಲೀಸಾಗಿ ನಡೆಯುವ ಟ್ರಾನ್ಸಿಷನ್. ವೈ ನಡೆಯಬೇಕಾದರೆ ಸ್ಪಿನ್ (ಎಲೆಕ್ಟ್ರಾನಿನ ಸ್ವಂತ ತಿರುಗಾಟದಂಥ ಗುಣ) ಬದಲಾಗಬೇಕು. ಹಳೆಯ ನಿಯಮದ ಪ್ರಕಾರ ಅದಕ್ಕೆ ಅವಕಾಶ ಇಲ್ಲ, ರಿಲೇಟಿವಿಟಿ ದಾರಿ ಬಿಡುತ್ತದೆ.

ಮೊದಲು ನನ್ನದೇ ಪೈಥಾನ್ ಪ್ರೋಗ್ರಾಂ ಬರೆದೆ. ರಿಲೇಟಿವಿಟಿ ಸೇರಿದ ಡಿರಾಕ್ ಸಮೀಕರಣ ಬಿಡಿಸಿ 1ಎಸ್ ಮತ್ತು ಎರಡು ಬಗೆಯ 2ಪಿ ಆರ್ಬಿಟಲ್ (ಒಂದು ಎಲೆಕ್ಟ್ರಾನ್ ಇರಬಲ್ಲ ಸ್ಥಿತಿಗಳು) ತೆಗೆದೆ. 2ಪಿ ಅರ್ಧದಿಂದ ಇಳಿದರೆ ವೈ, 2ಪಿ ಒಂದೂವರೆಯಿಂದ, ಅಂದರೆ ಕೋನೀಯ ಸಂವೇಗ 3/2 ಇರುವುದರಿಂದ ಇಳಿದರೆ ಡಬ್ಲ್ಯು ಅಂದುಕೊಂಡೆ. ಉತ್ತರ ಬಂತು: ವೈ ಬಲ ಡಬ್ಲ್ಯುವಿನ ಸುಮಾರು ಅರ್ಧ. ಪ್ರಕಟವಾಗಿರುವ ಲೆಕ್ಕಗಳ ಪ್ರಕಾರ ಕಬ್ಬಿಣದಲ್ಲಿ ಡಬ್ಲ್ಯು ಸೆಕೆಂಡಿಗೆ ಸುಮಾರು 457 ಲಕ್ಷ ಕೋಟಿ, ವೈ ಸುಮಾರು 44 ಲಕ್ಷ ಕೋಟಿ. ಅರ್ಧ ಎಲ್ಲಿ, ಹತ್ತರಲ್ಲೊಂದು ಎಲ್ಲಿ?

ಎರಡು ವಾರ ಗ್ರಿಡ್ (ಲೆಕ್ಕ ಹಾಕುವ ಬಿಂದುಗಳ ಜಾಲ) ಸಣ್ಣದು ಮಾಡಿದೆ, ನ್ಯೂಕ್ಲಿಯಸ್ಸಿನ ಗಾತ್ರ ಬದಲಿಸಿದೆ. ಏನೂ ಕದಲಲಿಲ್ಲ. ಕೊನೆಗೆ ಆಕ್ಸಿಜನ್ ಹಾಕಿ ನೋಡಿದೆ. ಅಲ್ಲಿ ವೈ, ಡಬ್ಲ್ಯುಗಿಂತ ಸಾವಿರಾರು ಪಟ್ಟು ಸಣ್ಣದಿರಬೇಕು. ನನ್ನದು ಅಲ್ಲೂ ಅರ್ಧ! ಒಗ್ಗಾಣಿ ಮಿರ್ಚಿ ತಿನ್ನುತ್ತಾ ಇದನ್ನು ಜೊತೆಯ ಮೇಷ್ಟ್ರಿಗೆ ಹೇಳಿದೆ. "ಆಕ್ಸಿಜನ್‌ಗೂ ಅರ್ಧ, ಕಬ್ಬಿಣಕ್ಕೂ ಅರ್ಧ ಅಂದ್ರ ಅದು ಅಯಾನಿನ ಉತ್ತರ ಅಲ್ರೀ, ನೀವು ಕಟ್ಟಿದ ಲೆಕ್ಕದ ಉತ್ತರ" ಅಂದರು.

ಸರಿಯಾಗೇ ಹೇಳಿದ್ದರು. ಎರಡೂ ಗೆರೆಗಳನ್ನು ಕೂಡಿದರೆ ಮೊತ್ತ ಹೆಚ್ಚುಕಡಿಮೆ ಸರಿ ಇತ್ತು. ಹಂಚಿಕೆ ತಪ್ಪಿತ್ತು. ನಿಜವಾದ ಸ್ಥಿತಿಗಳು 2ಪಿ ಅರ್ಧವೂ ಅಲ್ಲ, ಒಂದೂವರೆಯೂ ಅಲ್ಲ, ಎರಡರ ಬೆರಕೆ. ಆ ಎರಡನ್ನು ಒಂದೇ ಮ್ಯಾಟ್ರಿಕ್ಸಿನಲ್ಲಿ ಹಾಕಿ ಬಿಡಿಸಬೇಕು. ಹಗುರ ಅಯಾನಿನಲ್ಲಿ ಎಲೆಕ್ಟ್ರಾನ್‌ಗಳ ನಡುವಿನ ತಳ್ಳಾಟ ಬೆರಕೆಯನ್ನು ನಿರ್ಧರಿಸುತ್ತದೆ, ಆಗ ವೈ ಬಹುತೇಕ ಸಾಯುತ್ತದೆ. ನ್ಯೂಕ್ಲಿಯಸ್ ಭಾರವಾದಂತೆ ಸ್ಪಿನ್-ಆರ್ಬಿಟ್ (ಸ್ಪಿನ್‌ಗೂ ಎಲೆಕ್ಟ್ರಾನಿನ ಸುತ್ತಾಟಕ್ಕೂ ಇರುವ ನಂಟು) ಮೇಲುಗೈ ಪಡೆಯುತ್ತದೆ, ವೈ ಏಳುತ್ತದೆ. ನಾನು ಒಂದೊಂದನ್ನೇ ಬೇರೆ ಬೇರೆ ಹಾಕಿ ಬೆರಕೆಯನ್ನೇ ಕಿತ್ತೆಸೆದಿದ್ದೆ. ಕ್ಲಾಸಿನಲ್ಲಿ ಇದೇ ಪಾಠ ವರ್ಷಾವರ್ಷ ಮಾಡುತ್ತೇನೆ, ಆದರೂ.

ಆಮೇಲೆ ಸ್ವಂತ ಪ್ರೋಗ್ರಾಮಿನ ಹಟ ಬಿಟ್ಟು ಪರಮಾಣು ಲೆಕ್ಕಕ್ಕೆಂದೇ ಇರುವ ಗ್ರಾಸ್ಪ್ 2018 ಪ್ರೋಗ್ರಾಂ ಹಾಕಿಕೊಂಡೆ. ಅದು ಉಚಿತ. ಎರಡು ಎಲೆಕ್ಟ್ರಾನಿಗೆ ಹಳೆಯ ಡೆಸ್ಕ್‌ಟಾಪ್ ಸಾಕು. ಕರೆಂಟ್ ಹೋದರೂ ಮತ್ತೆ ಓಡಿಸುವುದು ಕಷ್ಟವಲ್ಲ. ಆರ್ಬಿಟಲ್‌ಗಳನ್ನು ಒಂದೊಂದು ಪದರವಾಗಿ ಸೇರಿಸಿ, ಹಳೆಯ ಪದರವನ್ನು ಹಾಗೇ ಗಟ್ಟಿ ಮಾಡಿ ಮುಂದಿನದಕ್ಕೆ ಹೋಗಬೇಕು. ಎಲ್ಲ ಒಟ್ಟಿಗೆ ಬಿಟ್ಟರೆ ಲೆಕ್ಕ ಒಮ್ಮುಖ ಆಗದೆ ಸುಮ್ನೆ ಸುತ್ತುತ್ತದೆ. ಕೊನೆಯಲ್ಲಿ ಬ್ರೈಟ್ ತಿದ್ದುಪಡಿ (ಎಲೆಕ್ಟ್ರಾನ್‌ಗಳ ನಡುವಿನ ಕಾಂತೀಯ ಪರಿಣಾಮದಂಥವು) ಮರೆಯಬಾರದು.

ಫಲಿತಾಂಶದ ಫೈಲಿನಲ್ಲಿ ವೈ, ಡಬ್ಲ್ಯು ಪ್ರತಿಯೊಂದಕ್ಕೂ ಎರಡು ಸಾಲು ಬರುತ್ತವೆ, ಬಿ ಮತ್ತು ಸಿ. ಒಂದೇ ಬಲವನ್ನು ಲೆಕ್ಕ ಹಾಕುವ ಎರಡು ದಾರಿ ಅವು: ಬಿ ಅಂದರೆ ಲೆಂಗ್ತ್ ರೂಪ, ಸಿ ವೆಲಾಸಿಟಿ ರೂಪ. ಲೆಕ್ಕ ಪೂರ್ತಿ ಸರಿ ಇದ್ದರೆ ಎರಡೂ ಒಂದೇ ಆಗಬೇಕು. ಡಬ್ಲ್ಯುಗೆ ಚೆನ್ನಾಗಿ ಕೂಡಿಬಂತು. ಹಗುರ ಅಯಾನಿನ ವೈಗೆ ಹೊಂದಲಿಲ್ಲ. ಇಲ್ಲಿ ಮತ್ತೆ ಗ್ರಿಡ್ ಹಿಂದೆ ಬಿದ್ದಿದ್ದರೆ ಇನ್ನೊಂದು ತಿಂಗಳು ಹೋಗುತ್ತಿತ್ತು. ಕಾರಣ ಡಿರಾಕ್ ಸಮೀಕರಣದ ಋಣ ಶಕ್ತಿಯ ಉತ್ತರಗಳು. ಮಾಮೂಲಿ ಲೆಕ್ಕ ಅವುಗಳನ್ನು ಕೈಬಿಡುತ್ತದೆ, ಆ ಪೆಟ್ಟು ಜಾಸ್ತಿ ಬೀಳುವುದು ವೆಲಾಸಿಟಿ ರೂಪಕ್ಕೆ. ನಾನು ವೈಗೆ ಬಿ ಸಾಲನ್ನೇ ನಂಬುತ್ತೇನೆ.

ಜೆಡ್ ಇನ್ನೂ ತಂಟೆಯದು. 1940ರಲ್ಲಿ ಬ್ರೈಟ್ ಮತ್ತು ಟೆಲ್ಲರ್ ಅಂಥ ಭೌತವಿಜ್ಞಾನಿಗಳೇ ಜೆಡ್ ಹೊರಡುವ ಮೇಲಿನ ಸ್ಥಿತಿ ಎರಡು ಫೋಟಾನ್ (ಬೆಳಕಿನ ಕಣ) ಬಿಟ್ಟು ಇಳಿಯುತ್ತದೆ ಅಂದುಕೊಂಡಿದ್ದರು. 1969ರಲ್ಲಿ ಗೇಬ್ರಿಯಲ್ ಮತ್ತು ಜೋರ್ಡಾನ್ ಸೂರ್ಯನ ಸ್ಪೆಕ್ಟ್ರಮ್‌ನಲ್ಲಿ ಒಂದೇ ಫೋಟಾನಿನ ಗೆರೆ ಗುರುತಿಸಿದರು. ರಿಲೇಟಿವಿಟಿ ಬಿಟ್ಟರೆ ಈ ಮ್ಯಾಗ್ನೆಟಿಕ್ ಟ್ರಾನ್ಸಿಷನ್‌ನ ಬಲ ಸೊನ್ನೆ. ಹೀಲಿಯಂನಲ್ಲಿ ಆ ಸ್ಥಿತಿಯ ಆಯಸ್ಸು ಸುಮಾರು 7,900 ಸೆಕೆಂಡ್. ಅಷ್ಟರಲ್ಲಿ ಬಳ್ಳಾರಿಯಿಂದ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ತಿಂಡಿ ತಿನ್ನಬಹುದು. ಕಬ್ಬಿಣದಲ್ಲಿ ಸುಮಾರು 5 ನ್ಯಾನೋಸೆಕೆಂಡ್! ಇದಕ್ಕೆ ಫೈಲಿನಲ್ಲಿ ಒಂದೇ ಸಾಲು, ಹೋಲಿಸಿ ನೋಡಲು ಬಿ, ಸಿ ಇಲ್ಲ. ಋಣ ಶಕ್ತಿಯ ಪಾಲು ಇಲ್ಲೂ ಬೇಕು, ಹಗುರ ಅಯಾನಿನಲ್ಲಂತೂ ಬೇಕೇ ಬೇಕು. ನನ್ನ ಬಳಿ ಅದನ್ನು ಸೇರಿಸುವ ಪ್ರೋಗ್ರಾಂ ಇಲ್ಲ. ಹಾಗಾಗಿ ಹುಡುಗನಿಗೆ ಕೊಟ್ಟ ಟೇಬಲ್‌ನಲ್ಲಿ ಡಬ್ಲ್ಯು, ವೈ ನನ್ನ ಅಂಕಿಗಳು. ಜೆಡ್ ಮುಂದೆ ಮಾತ್ರ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: ಪುಸ್ತಕದ್ದು.