ಹಳೆಯ ಶರ್ಟಿಗೆ ಮನೆಯಲ್ಲೇ ಟೈ ಅಂಡ್ ಡೈ ಮಾಡುವ ಬಗೆ

ಟೈ ಅಂಡ್ ಡೈ ಮಾಡಬೇಕೆಂದು ಹೊರಟವರು ಮೊದಲು ಯೋಚಿಸುವುದು ಯಾವ ಬಣ್ಣಗಳನ್ನು ಹಾಕಬೇಕೆಂಬುದನ್ನು. ಆದರೆ ಹಳೆಯ ಶರ್ಟಿನ ಮಟ್ಟಿಗೆ ಕೆಲಸ ಗೆಲ್ಲುವುದೋ ಕೆಡುವುದೋ ಎಂಬುದು ಬಣ್ಣದ ಪುಡಿಯ ಡಬ್ಬಿ ತೆರೆಯುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಏಕೆಂದರೆ ಹಳೆಯ ಬಟ್ಟೆ ವರ್ಷಗಟ್ಟಲೆ ಬೆವರು, ಎಣ್ಣೆ, ಗಂಜಿ, ಸಾಬೂನುಗಳನ್ನು ಹೀರಿಕೊಂಡಿರುತ್ತದೆ, ಇವೆಲ್ಲ ನೂಲಿಗೂ ಬಣ್ಣಕ್ಕೂ ನಡುವೆ ಅಡ್ಡ ನಿಲ್ಲುತ್ತವೆ. ಇದರ ಜೊತೆಗೆ ಒಂದು ಅನುಕೂಲವೂ ಇದೆ. ಹೊಸ ಬಟ್ಟೆಗೆ ಗಿರಣಿಯಲ್ಲಿ ಹಚ್ಚಿರುವ ಮೆರುಗು ಹಲವು ಒಗೆತಗಳಲ್ಲಿ ಹೋಗಿರುವುದರಿಂದ, ಚೆನ್ನಾಗಿ ಶುಚಿಮಾಡಿದ ಹಳೆಯ ಹತ್ತಿಬಟ್ಟೆ ಹೊಸದಕ್ಕಿಂತಲೂ ಸಲೀಸಾಗಿ ಬಣ್ಣ ಕುಡಿಯುತ್ತದೆ.

ಮೊದಲು ನೋಡಬೇಕಾದುದು ಬಟ್ಟೆ ಯಾವ ನೂಲಿನದು ಎಂಬುದನ್ನು. ಇಲ್ಲಿ ಹೇಳುವ ವಿಧಾನ ಹತ್ತಿ, ಲಿನನ್ ಮತ್ತು ರೇಯಾನ್ ಬಟ್ಟೆಗಳಿಗೆ ಹೊಂದುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಈ ಬಣ್ಣ ಹಿಡಿಯುವುದೇ ಇಲ್ಲ. ಒಳಗಿನ ಚೀಟಿ ಅಳಿಸಿಹೋಗಿದ್ದರೆ, ಅಂಗಿಯ ಅಂಚಿನ ಒಳಮಡಿಕೆಯಿಂದ ನಾಲ್ಕೈದು ಎಳೆಗಳನ್ನು ತೆಗೆದು, ಚಿಮಟದಲ್ಲಿ ಹಿಡಿದು, ನೀರಿರುವ ಪಾತ್ರೆಯ ಮೇಲೆ ಬೆಂಕಿ ತಾಗಿಸಿ ನೋಡಬಹುದು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಉರಿದು, ಬೆರಳಿಗೆ ತಾಗಿದರೆ ಪುಡಿಯಾಗುವ ಬೂದಿಯಾಗುತ್ತದೆ; ಪಾಲಿಯೆಸ್ಟರ್ ಎಳೆ ಮುದುಡಿ, ಕರಗಿ, ತಣಿದ ಮೇಲೆ ಗಟ್ಟಿಯಾದ ಸಣ್ಣ ಗುಂಡಾಗಿ ಉಳಿಯುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಹತ್ತಿಯ ಎಳೆಗಳು ಮಾತ್ರ ಬಣ್ಣ ಹಿಡಿಯುವುದರಿಂದ ಫಲಿತಾಂಶ ಮಂಕಾಗಿಯೇ ಇರುತ್ತದೆ, ಹತ್ತಿಯ ಪಾಲು ಅರ್ಧಕ್ಕಿಂತ ಕಡಿಮೆಯಿದ್ದರೆ ಅಂಥ ಶರ್ಟಿನ ಮೇಲೆ ಶ್ರಮ ಹಾಕದಿರುವುದೇ ಒಳ್ಳೆಯದು. ಬಟ್ಟೆ ಪೂರ್ತಿ ಹತ್ತಿಯದಾಗಿದ್ದರೂ ಹೊಲಿಗೆಯ ದಾರ ಹೆಚ್ಚಾಗಿ ಪಾಲಿಯೆಸ್ಟರಿನದೇ ಆಗಿರುತ್ತದೆ. ಆ ಹೊಲಿಗೆಗಳು ಕೊನೆಯಲ್ಲಿ ಬಿಳಿಯಾಗಿಯೇ ಉಳಿದರೆ ಅದು ನಿಮ್ಮ ಕೈಯ ತಪ್ಪಲ್ಲ. ಸುಕ್ಕು ಬೀಳದಂತೆ ರಾಳದ ಲೇಪ ಕೊಟ್ಟ ಶರ್ಟುಗಳೂ ಬಣ್ಣವನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಳೆಯ ಶರ್ಟಿನ ಮೂಲ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಬಣ್ಣಗಳು ಗೋಡೆಗೆ ಬಳಿಯುವ ಬಣ್ಣದಂತೆ ಕೆಳಗಿನದನ್ನು ಮುಚ್ಚುವುದಿಲ್ಲ, ಅದರೊಂದಿಗೆ ಬೆರೆಯುತ್ತವೆ. ತಿಳಿ ಹಳದಿ ಶರ್ಟಿನ ಮೇಲೆ ನೀಲಿ ಹಾಕಿದರೆ ಹಸಿರು ಬರುತ್ತದೆ, ತಿಳಿ ನೀಲಿಯ ಮೇಲೆ ಕೆಂಪು ಹಾಕಿದರೆ ನೇರಳೆ ಬರುತ್ತದೆ. ಮಾಸಿದ ಬಿಳಿಯ ಅಂಗಿ ಎಲ್ಲಕ್ಕಿಂತ ಸುಲಭ. ಗಾಢ ಬಣ್ಣದ ಅಂಗಿಗೆ ಈ ವಿಧಾನದಿಂದ ಏನೂ ಪ್ರಯೋಜನವಿಲ್ಲ.

ಇನ್ನು ಶುಚಿಮಾಡುವ ಕೆಲಸ. ಬಿಸಿನೀರಿನಲ್ಲಿ ಡಿಟರ್ಜೆಂಟಿನ ಜೊತೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಬೆರೆಸಿ, ಶರ್ಟನ್ನು ಅರ್ಧ ಗಂಟೆ ನೆನೆಸಿ, ಕಾಲರ್, ತೋಳಿನ ಪಟ್ಟಿ ಮತ್ತು ಕಂಕುಳ ಭಾಗವನ್ನು ಬ್ರಷ್ಷಿನಿಂದ ಉಜ್ಜಿ ಒಗೆಯಬೇಕು. ಬಟ್ಟೆ ಮೃದುವಾಗಲು ಹಾಕುವ ಕಂಡೀಷನರ್ ದ್ರವವನ್ನು ಈ ಸಲ ಬಳಸಬಾರದು, ಗಂಜಿಯಂತೂ ಪೂರ್ತಿ ಬಿಡಲೇಬೇಕು. ಗಂಜಿ ಉಳಿದರೆ ಬಣ್ಣ ನೂಲಿನ ಬದಲು ಗಂಜಿಗೇ ಅಂಟಿಕೊಂಡು, ಮುಂದಿನ ಒಗೆತದಲ್ಲಿ ಅದರ ಜೊತೆಗೇ ಹೊರಟುಹೋಗುತ್ತದೆ. ಒಗೆದು ಒಣಗಿಸಿದ ಮೇಲೆ ಬೆರಳ ತುದಿಯಿಂದ ಒಂದೊಂದು ಹನಿ ನೀರನ್ನು ಕಾಲರಿನ ಮೇಲೆ, ಎದೆಯ ಮೇಲೆ, ಕಲೆಯಿರುವ ಜಾಗದ ಮೇಲೆ ಬಿಟ್ಟು ನೋಡಿ. ಹನಿ ಬಿದ್ದ ಕೂಡಲೇ ಹರಡಿ ಇಂಗಿದರೆ ಬಟ್ಟೆ ಸಿದ್ಧವಾಗಿದೆ. ಮುತ್ತಿನಂತೆ ಮೇಲೇ ನಿಂತರೆ ಅಲ್ಲಿ ಇನ್ನೂ ಜಿಡ್ಡಿದೆ ಎಂದರ್ಥ, ಇನ್ನೊಮ್ಮೆ ಒಗೆಯಬೇಕು. ಎಷ್ಟು ಒಗೆದರೂ ಹೋಗದ ಎಣ್ಣೆಕಲೆ ಇದ್ದರೆ ಆ ಜಾಗವನ್ನು ನೆನಪಿಟ್ಟುಕೊಂಡು, ಗಾಢ ಬಣ್ಣಗಳು ಒಡೆದು ಹರಡುವ ಕಡೆಗೆ ಅದು ಬರುವಂತೆ ಮಡಿಸಬೇಕು. ಒಂದೇ ತಿಳಿ ಬಣ್ಣದ ದೊಡ್ಡ ಹರವಿನ ಮಧ್ಯೆ ಬಂದ ಕಲೆ ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತದೆ.

ಬಣ್ಣದ ಆಯ್ಕೆಯಲ್ಲಿ ನನ್ನ ಸಲಹೆ ಖಚಿತವಾಗಿದೆ. ತಣ್ಣೀರಿನಲ್ಲಿ ಕೆಲಸಮಾಡುವ ರಿಯಾಕ್ಟಿವ್ ಬಣ್ಣಗಳನ್ನೇ ಬಳಸಿ. ಈ ಬಗೆಯ ಬಣ್ಣಗಳನ್ನು 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಅನೇಕ ಬಣ್ಣಗಳು ನೂಲಿನ ಒಳಗೆ ಸುಮ್ಮನೆ ಸೇರಿಕೊಂಡು ಕುಳಿತಿರುತ್ತಿದ್ದವು. ರಿಯಾಕ್ಟಿವ್ ಬಣ್ಣವಾದರೋ ಹತ್ತಿಯ ಸೆಲ್ಯುಲೋಸಿನೊಂದಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಆದ್ದರಿಂದಲೇ ಅದು ಒಗೆತಕ್ಕೆ ಜಗ್ಗುವುದಿಲ್ಲ. ಈ ಬೆಸುಗೆಗೆ ಕ್ಷಾರ ಬೇಕು, ಆ ಕ್ಷಾರವನ್ನು ಒದಗಿಸುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಅಥವಾ ಸೋಡಾ ಆ್ಯಶ್. ಅಡುಗೆ ಸೋಡಾ ಇದರ ಬದಲಿಗೆ ಬರುವುದಿಲ್ಲ, ಅದರ ಕ್ಷಾರ ತೀರ ದುರ್ಬಲ. ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಉಣ್ಣೆಗೆ ಹಾಕುವ ಆಮ್ಲೀಯ ಬಣ್ಣಗಳಿಗೆ ಸಲ್ಲುವುದೇ ಹೊರತು ಹತ್ತಿಗೆ ಹಾಕುವ ಈ ಬಣ್ಣಗಳಿಗಲ್ಲ; ಇಲ್ಲಿ ಆಮ್ಲ ಹಾಕುವುದೆಂದರೆ ಬೇಕಾದ ಕ್ಷಾರವನ್ನೇ ಕೊಂದಂತೆ.

ಪುಡಿ ಕಲಸುವಾಗ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಳ್ಳಲೇಬೇಕು, ಫ್ಯಾನ್ ಆರಿಸಿರಬೇಕು. ಈ ಪುಡಿ ಮತ್ತೆ ಮತ್ತೆ ಉಸಿರಿನಲ್ಲಿ ಹೋದರೆ ಕೆಲವರಿಗೆ ಶ್ವಾಸದ ಅಲರ್ಜಿ ಅಂಟಿಕೊಳ್ಳುತ್ತದೆ. ಸೋಡಾ ನೀರು ಚರ್ಮವನ್ನು ಸುಡುವುದರಿಂದ ರಬ್ಬರ್ ಕೈಗವಸು ಕಡ್ಡಾಯ. ಒಮ್ಮೆ ಬಣ್ಣಕ್ಕೆ ಬಳಸಿದ ಚಮಚ, ಪಾತ್ರೆಗಳು ಮತ್ತೆ ಅಡುಗೆಗೆ ಹೋಗಬಾರದು.

ಒಂದು ಶರ್ಟಿಗೆ 2 ಲೀಟರ್ ಬೆಚ್ಚಗಿನ ನೀರಿನಲ್ಲಿ ಸುಮಾರು 120 ಗ್ರಾಂ ಸೋಡಾ ಆ್ಯಶ್ ಕರಗಿಸಿದರೆ ಸಾಕು. ನಿಮ್ಮಲ್ಲಿರುವುದು ನುಣ್ಣನೆಯ ಪುಡಿಯಲ್ಲದೆ ದಪ್ಪ ಹರಳುಗಳಾಗಿದ್ದರೆ, ಅದರ ತೂಕದ ಬಹುಪಾಲು ನೀರೇ ಆಗಿರುವುದರಿಂದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚೇ ಹಾಕಬೇಕಾಗುತ್ತದೆ. ಈ ನೀರಿನಲ್ಲಿ ಶರ್ಟನ್ನು 15ರಿಂದ 20 ನಿಮಿಷ ಮುಳುಗಿಸಿಟ್ಟು, ನೀರು ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ ತೆಗೆಯಿರಿ. ಬಟ್ಟೆ ಒದ್ದೆಯಾಗಿಯೇ ಇರಬೇಕು, ಆದರೆ ನೀರು ತುಂಬಿಕೊಂಡಿರಬಾರದು. ನೀರು ತುಂಬಿದ ಬಟ್ಟೆಯಲ್ಲಿ ಬಣ್ಣಕ್ಕೆ ಜಾಗವಿರುವುದಿಲ್ಲ, ಹಾಕಿದ್ದೆಲ್ಲ ತೆಳುವಾಗಿ ಅಂಚು ಮೀರಿ ಹರಿಯುತ್ತದೆ.

ಕಟ್ಟುವ ಕೆಲಸ ಈ ಒದ್ದೆ ಬಟ್ಟೆಯ ಮೇಲೇ ನಡೆಯುತ್ತದೆ. ಇದರ ಹಿಂದಿನ ತತ್ತ್ವ ಸರಳ. ಬಟ್ಟೆ ಎಲ್ಲಿ ಒತ್ತಡದಲ್ಲಿ ಬಿಗಿದುಕೊಂಡಿರುತ್ತದೋ ಅಲ್ಲಿಗೆ ಬಣ್ಣ ಇಳಿಯುವುದಿಲ್ಲ, ಆ ಜಾಗವೇ ಬಿಳಿಯ ಗೆರೆಯಾಗಿ ಉಳಿದು ವಿನ್ಯಾಸ ಮೂಡಿಸುತ್ತದೆ. ಸುರುಳಿ ವಿನ್ಯಾಸವನ್ನೇ ತೆಗೆದುಕೊಳ್ಳೋಣ. ಶರ್ಟಿನ ಗುಂಡಿಗಳನ್ನೆಲ್ಲ ಹಾಕಿ, ಸಪಾಟಾದ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರವಿ, ಎದೆಯ ಭಾಗದಲ್ಲಿ ಸುರುಳಿಯ ಕೇಂದ್ರ ಬರಬೇಕಾದ ಕಡೆ ಎರಡೂ ಪದರ ಸೇರಿಸಿ ಚಿವುಟಿ ಹಿಡಿಯಿರಿ. ಕೇಂದ್ರವನ್ನು ಗುಂಡಿಪಟ್ಟಿಯ ಮೇಲೆ ಇಡಬೇಡಿ, ಅಲ್ಲಿ ಬಟ್ಟೆ ಮೂರು ನಾಲ್ಕು ಪದರವಿರುವುದರಿಂದ ತಿರುಗುವುದೇ ಇಲ್ಲ; ಒಂದಿಷ್ಟು ಪಕ್ಕಕ್ಕೆ ಇಟ್ಟರೆ ವಿನ್ಯಾಸವೂ ಜೀವಂತವಾಗಿ ಕಾಣುತ್ತದೆ. ಚಿವುಟಿದ ಕೈಯನ್ನು ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತ ಹೋದಂತೆ ಸುತ್ತಲೂ ನೆರಿಗೆಗಳು ಎದ್ದುಬರುತ್ತವೆ. ಮಧ್ಯಭಾಗ ಗೋಪುರದಂತೆ ಮೇಲೇಳಲು ನೋಡುತ್ತದೆ. ಅದನ್ನು ಇನ್ನೊಂದು ಅಂಗೈಯಿಂದ ಮೇಜಿಗೆ ಒತ್ತುತ್ತ, ಎರಡು ಬೆರಳಿಗಿಂತ ಎತ್ತರವಾದ ನೆರಿಗೆಯನ್ನು ಎರಡಾಗಿ ಒಡೆಯುತ್ತ ಬನ್ನಿ. ಎತ್ತರದ ನೆರಿಗೆಯ ಒಳಭಾಗಕ್ಕೆ ಬಣ್ಣ ತಲುಪದೆ, ಬಿಡಿಸಿದಾಗ ದೊಡ್ಡ ಬಿಳಿಯ ತುಂಡುಗಳೇ ಕಾಣಿಸುತ್ತವೆ. ತೋಳುಗಳು ಕೊನೆಗೆ ಸುತ್ತಿಕೊಳ್ಳುತ್ತವೆ. ಇಡೀ ಬಟ್ಟೆ ದಪ್ಪ ಬಿಲ್ಲೆಯಾದ ಮೇಲೆ ಮೂರು ರಬ್ಬರ್ ಬ್ಯಾಂಡುಗಳನ್ನು ಕೇಂದ್ರದಲ್ಲಿ ಒಂದನ್ನೊಂದು ಹಾಯುವಂತೆ ಹಾಕಿದರೆ ಮೇಲ್ಮೈ ಆರು ಭಾಗಗಳಾಗುತ್ತದೆ, ಬಣ್ಣ ಹಂಚಲು ಇದೇ ಅಳತೆ.

ಪಟ್ಟೆಗಳು ಬೇಕೆನ್ನುವವರು ಬೀಸಣಿಗೆಯಂತೆ ನೆರಿಗೆ ಹಿಡಿದು ಅಲ್ಲಲ್ಲಿ ದಾರ ಬಿಗಿಯಬಹುದು. ಉಂಗುರಗಳು ಬೇಕಿದ್ದರೆ ಬಟ್ಟೆಯೊಳಗೆ ಸಣ್ಣ ಕಲ್ಲುಗಳನ್ನಿಟ್ಟು ಕತ್ತು ಕಟ್ಟಬೇಕು. ಏನೂ ಗೊತ್ತಾಗದಿದ್ದರೆ ಶರ್ಟನ್ನು ಮುದ್ದೆಯಾಗಿ ಸುಕ್ಕಿಸಿ ಕಟ್ಟಿದರೂ ಚೆನ್ನಾಗಿಯೇ ಬರುತ್ತದೆ, ಕಲೆಗಳಿರುವ ಶರ್ಟಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಬಣ್ಣದ ದ್ರಾವಣಕ್ಕೆ 250 ಮಿಲಿ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಪುಡಿ ಸಾಕು. ಮೊದಲು ಸ್ವಲ್ಪ ನೀರಿನಲ್ಲಿ ಪುಡಿಯನ್ನು ಗಂಟಿಲ್ಲದಂತೆ ಅರೆದು, ಆಮೇಲೆ ಉಳಿದ ನೀರು ಸೇರಿಸಬೇಕು. ಕರಗದ ಕಣಗಳು ಬಟ್ಟೆಯ ಮೇಲೆ ಚುಕ್ಕಿಗಳಾಗಿ ಸಿಡಿಯುತ್ತವೆ. ಈ ದ್ರಾವಣಕ್ಕೆ ಸೋಡಾ ಬೆರೆಸಬೇಡಿ. ಬೆರೆಸಿದರೆ ಬಣ್ಣ ನೀರಿನೊಂದಿಗೇ ಪ್ರತಿಕ್ರಿಯಿಸತೊಡಗಿ, ಸ್ವಲ್ಪ ಹೊತ್ತಿನಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲ ಪ್ರಯತ್ನಕ್ಕೆ ಮೂರು ಬಣ್ಣಗಳಿಗಿಂತ ಹೆಚ್ಚು ಬೇಡ. ಹಳದಿ, ಗುಲಾಬಿಗೆಂಪು, ನೀಲಿ ಇದ್ದರೆ ಪಕ್ಕಪಕ್ಕದಲ್ಲಿ ಬೆರೆತು ಕಿತ್ತಳೆ, ನೇರಳೆ, ಹಸಿರುಗಳು ತಾವೇ ಹುಟ್ಟುತ್ತವೆ. ಕೆಂಪಿನ ಪಕ್ಕಕ್ಕೆ ಹಸಿರು, ಹಳದಿಯ ಪಕ್ಕಕ್ಕೆ ನೇರಳೆ ಇಟ್ಟರೆ ಸೇರುವ ಗಡಿಯಲ್ಲಿ ಕೆಸರಿನ ಕಂದುಬಣ್ಣ ಬರುತ್ತದೆ.

ಕಟ್ಟಿದ ಶರ್ಟನ್ನು ಟ್ರೇ ಮೇಲೆ ಇಟ್ಟ ತಂತಿಜಾಲರಿಯ ಮೇಲಿಡಿ. ನೇರವಾಗಿ ಟ್ರೇಯಲ್ಲೇ ಇಟ್ಟರೆ ಸೋರಿದ ಬಣ್ಣಗಳೆಲ್ಲ ಬೆರೆತು ಕೆಳಭಾಗ ಅದನ್ನೇ ಕುಡಿಯುತ್ತದೆ. ಚೂಪು ಮೂತಿಯ ಬಾಟಲಿಯಿಂದ ಬಣ್ಣವನ್ನು ನೆರಿಗೆಗಳ ಸಂದಿಯೊಳಕ್ಕೆ ಮೂತಿ ತೂರಿಸಿ ಬಿಡಬೇಕು, ಮೇಲೆ ಮೇಲೆ ಚಿಮುಕಿಸಿದರೆ ಸಾಲದು. ಒಂದು ಬದಿ ಮುಗಿದ ಮೇಲೆ ತಿರುವಿಹಾಕಿ, ಅದದೇ ಭಾಗಕ್ಕೆ ಅದದೇ ಬಣ್ಣವನ್ನು ಹಿಂಬದಿಯಿಂದಲೂ ಕೊಡಿ. ಕಾಲರ್, ತೋಳಿನ ಪಟ್ಟಿ, ಜೇಬು ಇರುವಲ್ಲಿ ಪದರಗಳು ಹೆಚ್ಚಿರುವುದರಿಂದ ಬಣ್ಣವೂ ಹೆಚ್ಚು ಬೇಕು. ಒದ್ದೆಯಲ್ಲಿ ಕಾಣುವ ಬಣ್ಣಕ್ಕಿಂತ ಒಣಗಿದ ಬಟ್ಟೆಯ ಬಣ್ಣ ಸಾಕಷ್ಟು ತಿಳಿಯಾಗಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಕೈ ಬಿಗಿಹಿಡಿಯದೆ ಹಾಕಿ.

ಮುಂದಿನದು ಕಾಯುವ ಕೆಲಸ. ಶರ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಣಗದಂತೆ, 21 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ಕಡೆ 24 ಗಂಟೆ ಬಿಡಬೇಕು. ಒಣಗಿದರೆ ಬೆಸುಗೆ ಅಲ್ಲಿಗೇ ನಿಲ್ಲುತ್ತದೆ, ತಣ್ಣಗಾದರೆ ತೀರ ನಿಧಾನವಾಗುತ್ತದೆ. ಪಚ್ಚೆನೀಲಿಯಂಥ ಟರ್ಕ್ವಾಯ್ಸ್ ಬಣ್ಣ ಉಳಿದವುಗಳಿಗಿಂತ ನಿಧಾನವಾಗಿ ಹಿಡಿಯುವುದರಿಂದ ಅದಕ್ಕೆ ಇನ್ನಷ್ಟು ಬಿಸುಪು, ಇನ್ನಷ್ಟು ಹೊತ್ತು ಬೇಕು.

ಅನೇಕರು ಎಡವುವುದು ಕೊನೆಯ ಹಂತದಲ್ಲಿ, ಬಟ್ಟೆ ಜಾಲಿಸುವಾಗ. ಗಂಟು ಬಿಚ್ಚದೆಯೇ ಶರ್ಟನ್ನು ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಮೊದಲು ಗಾಢ ಬಣ್ಣದ ನೀರು ಇಳಿಯುತ್ತದೆ, ಅದನ್ನು ಕಂಡು ಬಣ್ಣವೆಲ್ಲ ಹೋಯಿತೆಂದು ಗಾಬರಿಯಾಗಬೇಕಿಲ್ಲ, ಬೆಸೆದುಕೊಳ್ಳದೆ ಉಳಿದ ಬಣ್ಣ ಮಾತ್ರ ಹೋಗುತ್ತಿರುತ್ತದೆ. ತಣ್ಣೀರಿನಿಂದಲೇ ಶುರುಮಾಡುವುದಕ್ಕೆ ಕಾರಣವಿದೆ. ಬಟ್ಟೆಯಲ್ಲಿ ಸೋಡಾ ಇರುವಷ್ಟು ಹೊತ್ತು ಬಿಡುಬಣ್ಣಕ್ಕೆ ಬಿಳಿಯ ಭಾಗಗಳನ್ನು ಹಿಡಿಯುವ ಶಕ್ತಿ ಉಳಿದಿರಬಹುದು, ತಣ್ಣೀರು ಮೊದಲು ಆ ಸೋಡಾವನ್ನು ಕಳೆಯುತ್ತದೆ. ಕೈಗೆ ಸಿಗುವ ಜಾರುಜಾರು ಅನುಭವ ಹೋಗಿ, ನೀರು ತಿಳಿಯಾಗುತ್ತ ಬಂದ ಮೇಲೆ ಗಂಟು ಬಿಚ್ಚಿ, ಇನ್ನೊಮ್ಮೆ ತಣ್ಣೀರಿನಲ್ಲಿ ಜಾಲಿಸಿ. ಅನಂತರ 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬಿಸಿಯಾದ ನೀರಿನಲ್ಲಿ ಡಿಟರ್ಜೆಂಟ್ ಹಾಕಿ ಒಗೆಯಬೇಕು, ಕೈ ಇಡಲಾಗದಷ್ಟು ಬಿಸಿಯಿರುವಾಗ ಕೋಲಿನಿಂದ ತಿರುವಿದರಾಯಿತು. ನೂಲಿನ ಒಳಗೆ ಅಡಗಿದ ಬಿಡುಬಣ್ಣ ಹೊರಗೆ ಬರುವುದು ಬಿಸಿನೀರಿಗೆ ಮಾತ್ರ. ಬಿಸಿನೀರು ಬಣ್ಣವಿಲ್ಲದೆ ತಿಳಿಯಾಗಿ ಇಳಿಯುವ ತನಕ ಇದನ್ನು ಮುಂದುವರಿಸಿ.

ಶರ್ಟನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಮೊದಲ ಎರಡು ಮೂರು ಒಗೆತಗಳಲ್ಲಿ ಬೇರೆ ಬಟ್ಟೆಗಳ ಜೊತೆ ಸೇರಿಸಬೇಡಿ, ಕ್ಲೋರಿನ್ ಬ್ಲೀಚನ್ನು ಎಂದಿಗೂ ತಾಗಿಸಬೇಡಿ. ಒಣಗಿದ ಮೇಲೆ ಬಿಳಿ ಹೆಚ್ಚಾಯಿತೆನಿಸಿದರೆ ಅಥವಾ ಯಾವುದಾದರೂ ಬಣ್ಣ ಮಂಕಾಗಿದ್ದರೆ, ಅದೇ ಶರ್ಟನ್ನು ಮತ್ತೆ ಸೋಡಾ ನೀರಿನಲ್ಲಿ ನೆನೆಸಿ, ಬೇರೆ ಕಡೆ ಕೇಂದ್ರವಿಟ್ಟು ಕಟ್ಟಿ, ಒಂದೇ ತಿಳಿ ಬಣ್ಣವನ್ನು ಇನ್ನೊಂದು ಸುತ್ತು ಕೊಡಬಹುದು. ಮೊದಲು ಹಿಡಿದ ಬಣ್ಣ ಕದಲುವುದಿಲ್ಲ, ಹೊಸದು ಅದರೊಂದಿಗೆ ಬೆರೆತು ಇನ್ನೊಂದು ಛಾಯೆ ಕೊಡುತ್ತದೆ.