ಸಿಟೌಟ್‌ಗೋ ಟೆರೇಸ್‌ಗೋ ಟಿವಿ ಹಾಕ್ಸೋ ಪ್ಲಾನ್ ಇದ್ರೆ ಅಂಗಡಿಗೆ ಹೋಗೋ ಮುಂಚೆ ಇದನ್ನ ಓದಿ

ಹೊರಗಡೆ ಗಾಳೀಲಿ ಕೂತು ಮ್ಯಾಚ್ ನೋಡೋ ಆಸೆ ಈಗ ಸುಮಾರು ಜನಕ್ಕಿದೆ. ಬೆಂಗ್ಳೂರಲ್ಲಿ ಟೆರೇಸ್ ಮೇಲೆ ಶೀಟ್ ಹಾಕ್ಸಿರೋರು, ಮಲೆನಾಡು ಕೊಡಗು ಕಡೆ ಹೋಂಸ್ಟೇ ನಡೆಸೋರು, ಕರಾವಳೀಲಿ ದೊಡ್ಡ ಜಗಲಿ ಇರೋ ಮನೆಯವ್ರು, ಎಲ್ರೂ ಮೊದಲು ಕೇಳೋದು ಯಾವ ಕಂಪನಿ ಟಿವಿ ತಗೊಳ್ಳೋದು, ಎಷ್ಟು ಇಂಚು ಅಂತ. ಅದು ಕೊನೇಗೆ ಕೇಳ್ಬೇಕಾದ ಪ್ರಶ್ನೆ. ಮೊದಲು ನೋಡ್ಬೇಕಾಗಿರೋದು ಟಿವಿ ಕೂರೋ ಜಾಗ, ಆಮೇಲೆ ನೀವು ಅದನ್ನ ಯಾವ ಹೊತ್ತಲ್ಲಿ ನೋಡ್ತೀರ ಅನ್ನೋದು. ಇವೆರಡು ಗೊತ್ತಾದ್ರೆ ಟಿವಿ ಆರಿಸೋದು ಅರ್ಧ ಗಂಟೆ ಕೆಲಸ, ಇವೆರಡು ಗೊತ್ತಿಲ್ದೆ ಲಕ್ಷ ರೂಪಾಯಿ ಟಿವಿ ತಂದ್ರೂ ಎರಡು ಮಳೆಗಾಲ ತಡೆಯೋದು ಕಷ್ಟ.

ಜಾಗದಲ್ಲಿ ಮೊದಲ ಶತ್ರು ಎರಚಲು. ಮೇಲೆ ಸೂರಿದೆ, ನೀರು ಬೀಳಲ್ಲ ಅಂತ ಅಂದ್ಕೊಬೇಡಿ, ಗಾಳಿ ಸಮೇತ ಮಳೆ ಹೊಡೆದ್ರೆ ನಾಲ್ಕೈದು ಅಡಿ ಒಳಗೆ ಇರೋ ಗೋಡೆನೂ ನೆನೆಯತ್ತೆ. ಇದಕ್ಕೆ ಸುಲಭದ ಪರೀಕ್ಷೆ ಇದೆ, ಒಂದು ಜೋರು ಮಳೆ ದಿನ ಸಿಟೌಟ್‌ನಲ್ಲಿ ನಿಂತು ನೆಲ ಎಲ್ಲಿವರೆಗೂ ಒದ್ದೆ ಆಗತ್ತೆ, ಗೋಡೆ ಎಷ್ಟು ಎತ್ತರದವರೆಗೂ ಒದ್ದೆ ಆಗತ್ತೆ ನೋಡಿ, ಚಾಕ್‌ಪೀಸ್‌ನಲ್ಲಿ ಗೆರೆ ಎಳೀರಿ. ಮಳೆಗಾಲ ಅಲ್ಲದಿದ್ರೆ ಗೋಡೆನೇ ಹೇಳತ್ತೆ, ಹಸಿರು ಕಪ್ಪು ಪಾಚಿ ಕಟ್ಟಿರೋ ಜಾಗ, ಪೇಂಟ್ ಉಬ್ಬಿ ಸಿಪ್ಪೆ ಎದ್ದಿರೋ ಜಾಗ ಎಲ್ಲ ಪ್ರತಿ ವರ್ಷ ನೆನೆಯೋ ಜಾಗನೇ. ಆ ಗೆರೆಯಿಂದ ಇನ್ನೂ ಒಂದೆರಡು ಅಡಿ ಆಚೆ ಒಣಗಿರೋ ಗೋಡೆ ಸಿಕ್ಕಿದ್ರೆ ಮಾತ್ರ ಮಾಮೂಲಿ ಟಿವಿ ಬಗ್ಗೆ ಯೋಚನೆ ಮಾಡಿ.

ಎರಡನೇದು ಬಿಸಿಲಿನ ದಿಕ್ಕು. ಅಮೆರಿಕದ ಗೈಡ್‌ಗಳಲ್ಲೆಲ್ಲ ಟಿವಿ ಪರದೆ ಉತ್ತರಕ್ಕೆ ಮುಖ ಮಾಡಿರ್ಲಿ ಅಂತ ಕಣ್ಮುಚ್ಕೊಂಡು ಬರೀತಾರೆ, ಅಲ್ಲಿಗೆ ಅದು ಸರಿ, ಯಾಕಂದ್ರೆ ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರ್ತಾನೆ. ನಮ್ಮಲ್ಲಿ ಹಾಗಲ್ಲ. ಬೆಂಗ್ಳೂರಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ನೆರಳೇ ಕಾಲಡಿಗೆ ಬರೋ ಶೂನ್ಯ ನೆರಳಿನ ದಿನ ಇರತ್ತೆ, ಆ ಎರಡು ದಿನಗಳ ಮಧ್ಯೆ ಮಧ್ಯಾಹ್ನದ ಸೂರ್ಯ ನಮಗೆ ಸ್ವಲ್ಪ ಉತ್ತರಕ್ಕೇ ಇರ್ತಾನೆ. ನಡುಮಧ್ಯಾಹ್ನದ ಬಿಸಿಲನ್ನ ಸೂರು ತಡೆಯತ್ತೆ, ತೊಂದರೆ ಕೊಡೋದು ಸಂಜೆ ನಾಲ್ಕೂವರೆ ಐದರ ಓರೆ ಬಿಸಿಲು, ಬೇಸಿಗೇಲಿ ಅದು ವಾಯವ್ಯದಿಂದ ಬಂದು ಉತ್ತರಕ್ಕೆ ಮುಖ ಮಾಡಿರೋ ಪರದೆಗೂ ಸೈಡಿಂದ ಹೊಡೆಯತ್ತೆ. ಪಶ್ಚಿಮಕ್ಕೆ ಮುಖ ಮಾಡಿದ್ರಂತೂ ಕೇಳ್ಲೇಬೇಡಿ. ಸಂಜೆ ನೋಡೋರಿಗೆ ಒಳ್ಳೇದು ಅಂದ್ರೆ ಪರದೆ ಪೂರ್ವಕ್ಕೆ ಮುಖ ಮಾಡಿ, ಹಿಂದೆ ಗಟ್ಟಿ ಗೋಡೆ ಇರೋದು, ಬೆಳಗಿನ ಬಿಸಿಲಿಗೆ ಒಂದು ಬಿದಿರಿನ ಚಿಕ್ ತಟ್ಟಿ ಇಳಿಬಿಟ್ರೆ ಸಾಕು.

ಮೂರನೇದು ಶೀಟು. ಟೆರೇಸ್ ಮೇಲಿನ ಜಿಂಕ್ ಶೀಟ್ ಮಾರ್ಚಿಂದ ಮೇ ತನಕ ಕೈ ಇಡಕ್ಕಾಗದಷ್ಟು ಕಾಯತ್ತೆ, ಆ ಝಳ ನೇರ ಕೆಳಗಿಳಿಯತ್ತೆ, ಬಿಸಿ ಗಾಳಿ ಶೀಟ್ ಕೆಳಗೇ ನಿಂತ್ಕೊಳ್ಳತ್ತೆ. ಮಾಮೂಲಿ ಟಿವಿಗಳ ಮ್ಯಾನುಯಲ್ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ ಸುತ್ತಲಿನ ಬಿಸಿ 40 ಡಿಗ್ರಿ ಒಳಗೆ, ತೇವಾಂಶ 80 ಪರ್ಸೆಂಟ್ ಒಳಗೆ ಇರ್ಬೇಕು ಅಂತಾನೇ ಬರೆದಿರತ್ತೆ. ಕಲಬುರಗಿ ರಾಯಚೂರಲ್ಲಿ ಮೇ ತಿಂಗಳು ನೆರಳಲ್ಲೇ 42, 43 ಡಿಗ್ರಿ ಮಾಮೂಲು, ಮಂಗಳೂರು ಆಗುಂಬೆ ಕಡೆ ಜುಲೈನಲ್ಲಿ ತೇವಾಂಶ 90ರ ಮೇಲೆ, ಅಂದ್ರೆ ಕಾಗದದ ಮೇಲೆ ಆಗ್ಲೇ ಲಿಮಿಟ್ ದಾಟಿ ಆಯ್ತು. ಎಲ್‌ಸಿಡಿ ಪ್ಯಾನೆಲ್ (ಮಾಮೂಲಿ ಎಲ್‌ಇಡಿ ಟಿವಿ ಒಳಗೂ ಇದೇ ಇರೋದು) ಅತಿಯಾಗಿ ಕಾದ್ರೆ ಒಳಗಿನ ದ್ರವ ಹರಳುಗಳು ಶಿಸ್ತು ತಪ್ಪಿ ಪರದೆ ಮೇಲೆ ಕಪ್ಪು ಕಪ್ಪು ಮಚ್ಚೆ ಏಳತ್ತೆ, ತಣ್ಣಗಾದ್ಮೇಲೆ ಹೋಗತ್ತೆ, ಆದ್ರೆ ಪದೇ ಪದೇ ಹಾಗಾದ್ರೆ ಪ್ಯಾನೆಲ್ ಬಾಳಿಕೆ ಬರಲ್ಲ. ಅದಕ್ಕೆ ಶೀಟ್‌ಗೆ ಅಂಟಿಸಿದ ಹಾಗೆ ಮೇಲಕ್ಕೆ ಹಾಕ್ಬೇಡಿ, ಕನಿಷ್ಠ ಎರಡು ಅಡಿ ಕೆಳಗಿರ್ಲಿ, ಹಿಂದೆ ಗಾಳಿ ಆಡೋಕೆ ಜಾಗ ಇರ್ಲಿ, ಸಾಧ್ಯ ಆದ್ರೆ ಶೀಟ್ ಕೆಳಗೆ ಫಾಲ್ಸ್ ಸೀಲಿಂಗ್ ಅಥವಾ ಥರ್ಮಾಕೋಲ್ ಪದರ ಹಾಕ್ಸಿ.

ಈಗ ಹೊತ್ತಿನ ವಿಷ್ಯ, ದುಡ್ಡು ಉಳಿಸೋದು ಅಥವಾ ಕಳೆಯೋದು ಇಲ್ಲೇ. ಟಿವಿ ಬೆಳಕನ್ನ ನಿಟ್ಸ್‌ನಲ್ಲಿ ಅಳೀತಾರೆ. ಮಾಮೂಲಿ ಎಲ್‌ಇಡಿ ಟಿವಿ 250ರಿಂದ 400 ನಿಟ್ಸ್, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಅನ್ನೋ ಮೇಲ್ದರ್ಜೆ ಎಲ್‌ಇಡಿ ಟಿವಿಗಳಲ್ಲಿ ಒಳ್ಳೇವು 600ರಿಂದ 1000 ಮೇಲೆ ಹೋಗತ್ತೆ. ಸುತ್ತಲಿನ ಬೆಳಕನ್ನ ಅಳೆಯೋದು ಲಕ್ಸ್‌ನಲ್ಲಿ. ಮನೆ ಹಾಲ್‌ನಲ್ಲಿ ಬೆಳಕು 100ರಿಂದ 300 ಲಕ್ಸ್ ಇದ್ರೆ ಬಯಲಲ್ಲಿ ನೆರಳಲ್ಲೇ 10,000 ದಾಟತ್ತೆ, ನೇರ ಬಿಸಿಲಲ್ಲಿ 1 ಲಕ್ಷದ ಹತ್ರ. ಹಾಗಾಗಿ ಹಗಲು ಹೊತ್ತು ಪೂರ್ತಿ ನೆರಳಲ್ಲಿ ನೋಡೋಕೆ 700 ನಿಟ್ಸ್, ಅರೆಬಿಸಿಲಿಗೆ 1000, ನೇರ ಬಿಸಿಲಿಗೆ 2000 ಮೇಲೆ ಬೇಕು ಅಂತ ಲೆಕ್ಕ ಇಟ್ಕೊಳ್ಳಿ. ಆದ್ರೆ ನೀವೇ ಯೋಚನೆ ಮಾಡಿ, ಐಪಿಎಲ್ ರಾತ್ರಿ ಮ್ಯಾಚ್ ಶುರುವಾಗೋದು ಏಳೂವರೆಗೆ, ಅಷ್ಟೊತ್ತಿಗೆ ಬೆಂಗ್ಳೂರಲ್ಲಿ ಸೂರ್ಯ ಮುಳುಗಿ ಸುಮಾರು ಒಂದು ಗಂಟೆ ಆಗಿರತ್ತೆ. ನಿಮ್ಮ ಮನೇಲಿ ಹೊರಗೆ ಕೂತು ನೋಡೋದು ಬರೀ ಸಂಜೆ ಏಳರ ಮೇಲೆ ಅಂದ್ರೆ 400, 500 ನಿಟ್ಸ್ ಟಿವಿ ಧಾರಾಳ ಸಾಕು, 2000 ನಿಟ್ಸ್ ಟಿವಿಗೆ ದುಡ್ಡು ಸುರಿಯೋದು ಬೇಡ. ಭಾನುವಾರದ ಮೂರೂವರೆ ಮ್ಯಾಚ್ ನೋಡ್ಲೇಬೇಕು, ಹೋಂಸ್ಟೇ ಗೆಸ್ಟ್‌ಗಳು ಬೆಳಗ್ಗಿಂದ ಹಾಕ್ತಾರೆ ಅನ್ನೋ ಹಾಗಿದ್ರೆ ಮಾತ್ರ ಲೆಕ್ಕ ಬೇರೆ.

ಇನ್ನೊಂದು ಗಮನಿಸಿ. ಬಾಕ್ಸ್ ಮೇಲೆ ಪೀಕ್ ಬ್ರೈಟ್‌ನೆಸ್ ಅಂತ ದೊಡ್ಡ ನಂಬರ್ ಹಾಕಿರ್ತಾರೆ, ಅದು ಪರದೆಯ ಒಂದು ಸಣ್ಣ ಮೂಲೇಲಿ ಒಂದು ಕ್ಷಣ ಬರೋ ಬೆಳಕು. ಕ್ರಿಕೆಟ್‌ನಲ್ಲಿ ಪರದೆ ತುಂಬ ಹಸಿರು ಮೈದಾನ, ಅದಕ್ಕೆ ಬೇಕಿರೋದು ಇಡೀ ಪರದೆ ಒಟ್ಟಿಗೆ ಎಷ್ಟು ಹೊತ್ತು ಎಷ್ಟು ಬೆಳಗತ್ತೆ ಅನ್ನೋದು. ಅಂಗಡೀಲಿ ಕಪ್ಪು ಹಿನ್ನೆಲೇಲಿ ಬಣ್ಣಬಣ್ಣದ ಗಿಳಿ ತೋರ್ಸೋ ಡೆಮೊ ವಿಡಿಯೋ ನೋಡಿ ಮರುಳಾಗ್ಬೇಡಿ, ಯೂಟ್ಯೂಬಲ್ಲಿ ಒಂದು ಹಳೇ ಮ್ಯಾಚ್ ಹೈಲೈಟ್ಸ್ ಹಾಕ್ಸಿ ಐದು ನಿಮಿಷ ನೋಡಿ. ಆಮೇಲೆ ಟಿವಿ ಆಫ್ ಮಾಡ್ಸಿ ಫೋನ್ ಟಾರ್ಚ್ ಹಿಡೀರಿ, ಟಾರ್ಚ್ ಕನ್ನಡೀಲಿ ಕಂಡ ಹಾಗೆ ಚೂಪಾಗಿ ಕಂಡ್ರೆ ಹೊರಗೆ ಅಂಗಳ, ಗಿಡ, ನಿಮ್ಮ ಮುಖ ಎಲ್ಲ ಪರದೇಲೇ ಕಾಣತ್ತೆ, ಮಸುಕಾಗಿ ಹರಡಿಕೊಂಡ್ರೆ ಅದು ಮ್ಯಾಟ್, ಹೊರಗಿಗೆ ಅದೇ ಒಳ್ಳೇದು. ಹಾಗೇ ಸೈಡಿಗೆ ಹೋಗಿ ನಿಂತು ನೋಡಿ. ಹೊರಗೆ ಜನ ಸೋಫಾದಲ್ಲಿ ಕೂತ ಹಾಗೆ ನೇರ ಕೂರಲ್ಲ, ಒಬ್ರು ಮೆಟ್ಟಿಲ ಮೇಲೆ, ಒಬ್ರು ಉಯ್ಯಾಲೆ ಮೇಲೆ, ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಅಂತ ಎರಡು ಬಗೆ ಇದೆ, ವಿಎ ಪ್ಯಾನೆಲ್ ಆದ್ರೆ ಸೈಡಿಂದ ಬಣ್ಣ ಬಿಳಚಿಕೊಳ್ಳತ್ತೆ, ಐಪಿಎಸ್ ಪ್ಯಾನೆಲ್‌ಗೆ ಆ ತೊಂದರೆ ಕಮ್ಮಿ.

ಒಎಲ್‌ಇಡಿ, ಅಂದ್ರೆ ಪರದೆಯ ಒಂದೊಂದು ಚುಕ್ಕೆನೂ ತಾನೇ ಬೆಳಗೋ ಬಗೆಯ ಟಿವಿ, ಹೊರಗಡೆಗೆ ಬೇಡ. ಬಿಸಿಲು ಶಾಖಕ್ಕೆ ಅದರೊಳಗಿನ ಸಾವಯವ ವಸ್ತು ಬೇಗ ಸವೆಯತ್ತೆ, ಕೆಳಗಿನ ಸ್ಕೋರ್ ಪಟ್ಟಿ ಗಂಟೆಗಟ್ಟಲೆ ಒಂದೇ ಕಡೆ ನಿಂತ್ರೆ ಅಚ್ಚು ಬೀಳೋ ಭಯನೂ ಇದೆ.

ಹೊರಾಂಗಣಕ್ಕೇ ಅಂತ ಮಾಡೋ ಟಿವಿಗಳೂ ಇವೆ, ಸ್ಯಾಮ್‌ಸಂಗ್ 2020ರಲ್ಲಿ ಅಮೆರಿಕದಲ್ಲಿ ಬಿಟ್ಟ ‘ದಿ ಟೆರೇಸ್’ ಅನ್ನೋ ಮಾಡೆಲ್, ಅಲ್ಲಿನ ಸನ್‌ಬ್ರೈಟ್ ಕಂಪನಿ ಟಿವಿ ಥರದವು. ದಿ ಟೆರೇಸ್‌ಗೆ ಐಪಿ55 ರೇಟಿಂಗ್ ಇದೆ. ಈ ನಂಬರ್ ಓದೋದು ಕಲ್ತ್ಕೊಳ್ಳಿ, ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ನೀರಿನ ಜಾಗದಲ್ಲಿ 4 ಇದ್ರೆ ಎಲ್ಲ ಕಡೆಯಿಂದ ಎರಚಿದ್ರೂ ತಡೆಯತ್ತೆ, 5 ಇದ್ರೆ ಪೈಪಲ್ಲಿ ಬಿಟ್ಟ ನೀರನ್ನೂ ತಡೆಯತ್ತೆ. ಅಮೆರಿಕದಲ್ಲಿರೋ ನಮ್ಮೋರು ಮನೆ ಹೊರಗಿನ ಪ್ಯಾಟಿಯೋಗೆ ಇಂಥದ್ದನ್ನೇ ಹಾಕಿಸ್ಕೊಂಡ್ರೆ ಸರಿ, ಸೈಜ್ ಅದೇ ಇದ್ರೂ ಬೆಲೆ ಮಾತ್ರ ಒಳಗಿನ ಟಿವಿಗಿಂತ ಎಷ್ಟೋ ಪಟ್ಟು. ಆದ್ರೆ ಅಲ್ಲಿಂದ ಹೊತ್ಕೊಂಡು ಬರ್ಬೇಡಿ, ಅಲ್ಲಿ ಕರೆಂಟ್ 120 ವೋಲ್ಟ್, ಇಲ್ಲಿ 230, ಇಲ್ಲಿ ವಾರಂಟಿನೂ ಸಿಗೋದು ಕಷ್ಟ. ಇಲ್ಲಿ ರೆಸಾರ್ಟ್, ಕೆಫೆ ನಡೆಸೋರು ಹಗಲಲ್ಲೂ ಓಡಿಸ್ಬೇಕಿದ್ರೆ ಕಂಪನಿಗಳ ಹೊರಾಂಗಣ ಸೈನೇಜ್ ಡಿಸ್‌ಪ್ಲೇ (ಜಾಹೀರಾತು ತೋರ್ಸೋ ಪರದೆ) ಕೇಳಿ, ದುಬಾರಿನೇ, ಆದ್ರೆ ದಿನವಿಡೀ ಓಡೋಕೇ ಮಾಡಿರೋದು.

ಮಿಕ್ಕ ಮನೆಯವ್ರಿಗೆ ನಾನು ಧೈರ್ಯವಾಗಿ ಹೇಳೋದು ಟ್ರಾಲಿ ಸ್ಟ್ಯಾಂಡ್. 43 ಅಥವಾ 55 ಇಂಚಿನ ಒಳ್ಳೇ ಬೆಳಕಿರೋ ಟಿವಿ, ಕೆಳಗೆ ಬ್ರೇಕ್ ಇರೋ ಚಕ್ರದ ಸ್ಟ್ಯಾಂಡ್, ಸಂಜೆ ಹೊರಗೆ ತಳ್ಳಿ, ಮುಗಿದ್ಮೇಲೆ ಒಳಗೆ ತಳ್ಳಿ. ಎರಚಲು, ಬಿಸಿಲು, ಕೋತಿ, ಕಳ್ಳ, ಎಲ್ಲದಕ್ಕೂ ಒಂದೇ ಪರಿಹಾರ. ಹೊಸ್ತಿಲು ಎತ್ತರ ಇದ್ರೆ ಒಂದು ಮರದ ಇಳಿಜಾರು ಹಲಗೆ ಮಾಡಿಸ್ಕೊಳ್ಳಿ, ಟಿವಿ ಎತ್ತೋಕೆ ಹೋಗಿ ಪರದೆ ಒಡ್ಕೊಬೇಡಿ. ಗೋಡೆಗೇ ಹಾಕ್ಬೇಕು ಅಂದ್ರೆ ಹತ್ತು ಹನ್ನೆರಡು ಅಡಿ ದೂರ ಕೂರೋರಿಗೆ 55, ಜಾಗ ದೊಡ್ಡದಿದ್ರೆ 65. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಉಳಿದಿದ್ದನ್ನ ದಯವಿಟ್ಟು ವೈರಿಂಗ್‌ಗೆ ಹಾಕಿ.

ವೈರಿಂಗ್ ವಿಷ್ಯದಲ್ಲಿ ಜಿಪುಣತನ ಬೇಡ್ವೇ ಬೇಡ, ಇದು ಜೀವದ ಪ್ರಶ್ನೆ. ಒದ್ದೆ ನೆಲ, ಬರಿಗಾಲು, ಹೊರಗಿನ ಸಾಕೆಟ್ ಮೂರೂ ಒಟ್ಟಿಗೆ ಸೇರತ್ತೆ. ಆ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಇರ್ಲೇಬೇಕು, ಅರ್ಥಿಂಗ್ ಸರಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಟ್ಟು ಚೆಕ್ ಮಾಡ್ಸಿ, ಸಾಕೆಟ್‌ಗೆ ಮುಚ್ಚಳ ಇರೋ ವೆದರ್‌ಪ್ರೂಫ್ ಬಾಕ್ಸ್ ಹಾಕ್ಸಿ. ವೈರು ಟಿವಿಗೆ ಸೇರೋ ಮುಂಚೆ ಒಂದು ಸಲ ಕೆಳಗಿಳಿದು ಆಮೇಲೆ ಮೇಲೆ ಹತ್ತೋ ಹಾಗೆ ಬಿಡ್ಸಿ, ಆಗ ವೈರ್ ಗುಂಟ ಹರಿದು ಬಂದ ನೀರು ಆ ಬಾಗಲ್ಲೇ ತೊಟ್ಟಿಕ್ಕಿ ಹೋಗತ್ತೆ, ಟಿವಿ ಒಳಗೆ ಹೋಗಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ, ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್ ಕೂಡ. ಪ್ಲಗ್ ಕಿತ್ತಿದ್ರೂ ಕೇಬಲ್ ದಾರೀಲಿ ಸಿಡಿಲಿನ ಕರೆಂಟ್ ಬಂದು ಟಿವಿ ಸುಡತ್ತೆ.

ಹುಳಹುಪ್ಪಟೆ ವಿಷ್ಯ ಯಾವ ಸೇಲ್ಸ್‌ಮನ್ನೂ ಹೇಳಲ್ಲ. ಟಿವಿ ಹಿಂದೆ ಬೆಚ್ಚಗಿರತ್ತೆ, ಹಲ್ಲಿ ಅಲ್ಲೇ ಮನೆ ಮಾಡತ್ತೆ, ಗಾಳಿಕಿಂಡಿ ಒಳಗೆ ನುಗ್ಗಿ ಬೋರ್ಡ್ ಮೇಲೆ ಓಡಾಡಿ ಶಾರ್ಟ್ ಮಾಡತ್ತೆ. ಮಣ್ಣಿನ ಗೂಡು ಕಟ್ಟೋ ಕಣಜಕ್ಕೆ ಖಾಲಿ ಎಚ್‌ಡಿಎಂಐ ಪೋರ್ಟ್ ಅಂದ್ರೆ ಅಳತೆ ಕೊಟ್ಟು ಮಾಡಿಸಿದ ಜಾಗ, ಒದ್ದೆ ಮಣ್ಣು ತಂದು ತುಂಬಿಬಿಡತ್ತೆ, ಒಣಗಿದ್ಮೇಲೆ ಕಲ್ಲು. ಖಾಲಿ ಪೋರ್ಟ್‌ಗಳಿಗೆಲ್ಲ ರಬ್ಬರ್ ಬಿರಡೆ ಸಿಗತ್ತೆ, ಹಾಕ್ಬಿಡಿ. ಮೊದಲ ಮಳೆ ಆದ ಸಂಜೆ ರೆಕ್ಕೆ ಹುಳ ಏಳತ್ತಲ್ಲ, ಅವತ್ತು ಪರದೆ ಬೆಳಕಿಗೆ ಸಾವಿರಾರು ಮುತ್ತತ್ತೆ, ಅವತ್ತೊಂದಿನ ಒಳಗೇ ನೋಡಿ.

ಗೋಡೆಗೆ ಹಾಕಿದ ಟಿವಿಯನ್ನ ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿ ಪ್ಲಾಸ್ಟಿಕ್ ಸುತ್ತಿಡೋದು ತಪ್ಪು, ಒಳಗೆ ಬೆವರು ಹಿಡಿದು ಬೋರ್ಡ್ ಮೇಲೆ ಹಸಿರು ತುಕ್ಕು ಕೂರತ್ತೆ. ಉಸಿರಾಡೋ ಬಟ್ಟೆ ಕವರ್ ತಗೊಳ್ಳಿ, ಟಿವಿ ಬಿಸಿ ಆರಿದ್ಮೇಲೆ ಹೊದಿಸಿ, ದಿನಕ್ಕೆ ಒಂದು ಗಂಟೆಯಾದ್ರೂ ಆನ್ ಮಾಡಿ, ಅದರ ಶಾಖಕ್ಕೇ ತೇವ ಹೋಗತ್ತೆ. ಕರಾವಳಿಯವ್ರು ಬ್ರಾಕೆಟ್, ಬೋಲ್ಟ್ ಎಲ್ಲ 316 ಗ್ರೇಡ್ ಸ್ಟೀಲ್ ಕೇಳಿ ಹಾಕಿಸ್ಕೊಳ್ಳಿ, ಮಾಮೂಲಿ ಬೋಲ್ಟು ಉಪ್ಪು ಗಾಳಿಗೆ ತುಕ್ಕು ತಿಂದು ಒಂದಿನ ಟಿವಿ ಸಮೇತ ಕೆಳಗಿರತ್ತೆ.

ಬಯಲಲ್ಲಿ ಟಿವಿ ಸೌಂಡು ತೆಳ್ಳಗೆ ಕೇಳತ್ತೆ, ಸುತ್ತ ಗೋಡೆ ಇಲ್ವಲ್ಲ. ದೊಡ್ಡ ಸ್ಪೀಕರ್ ದೂರ ಇಟ್ಟು ಜೋರು ಮಾಡೋ ಬದಲು ಚಿಕ್ಕ ಸ್ಪೀಕರ್ ಎರಡನ್ನ ಕೂರೋರ ಹತ್ರ ಇಟ್ರೆ ಕಡಿಮೆ ವಾಲ್ಯೂಮಲ್ಲೇ ಸ್ಪಷ್ಟ ಕೇಳತ್ತೆ, ಪಕ್ಕದ ಮನೆಯವ್ರಿಗೂ ನೆಮ್ಮದಿ. ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ ಶಬ್ದದ ಮಿತಿ 45 ಡೆಸಿಬಲ್, ಮ್ಯಾಚ್ ಮುಗಿಯೋದು ಹನ್ನೊಂದರ ಮೇಲೆ, ಹತ್ತಾದ್ಮೇಲೆ ಕಾಮೆಂಟ್ರಿ ಸಣ್ಣಗೆ ಮಾಡ್ಕೊಳ್ಳಿ.

ಕೊನೇಗೆ ಬಿಲ್ ಹಾಕ್ಸೋ ಮುಂಚೆ ವಾರಂಟಿ ಷರತ್ತು ಓದಿ, ಮನೆಯೊಳಗಿನ ಬಳಕೆಗೆ ಮಾತ್ರ ಅಂತಾನೋ, ಹೋಂಸ್ಟೇ ಥರ ವಾಣಿಜ್ಯ ಬಳಕೆಗೆ ಇಲ್ಲ ಅಂತಾನೋ ಸಣ್ಣಕ್ಷರದಲ್ಲಿ ಬರೆದಿರ್ಬಹುದು. ಸೇಲ್ಸ್‌ನವ್ರು ಏನೂ ಆಗಲ್ಲ ಹಾಕಿ ಸಾರ್ ಅಂದ್ರೆ ಅದನ್ನೇ ಕಂಪನಿ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ ಕೇಳಿ, ಬಂದ ಉತ್ತರನ ಬಿಲ್ ಜೊತೆ ಇಟ್ಕೊಳ್ಳಿ.