ಬಿಸಿಲು, ನೆರಳು ಮತ್ತು ಬೀದಿ: ಕಪ್ಪು-ಬಿಳುಪಿನ ಕ್ಯಾಂಡಿಡ್ ಫೋಟೊ ತೆಗೆಯುವುದು ಹೇಗೆ?

ವಿಜಯಪುರದ ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಟೊಮ್ಯಾಟೊ ರಾಶಿಯ ಪಕ್ಕದಲ್ಲೇ ಹಸಿಮೆಣಸಿನಕಾಯಿಯ ರಾಶಿ ಇದ್ದರೆ ಎರಡೂ ಕಣ್ಣಿಗೆ ಎದ್ದು ಕಾಣುತ್ತವೆ. ಅದೇ ದೃಶ್ಯದ ಫೋಟೊದಿಂದ ಬಣ್ಣವನ್ನು ತೆಗೆದುಹಾಕಿದಾಗ ಎರಡು ರಾಶಿಗಳೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ತಿರುಗಿ ಒಂದರೊಳಗೊಂದು ಕರಗಿಬಿಡಬಹುದು. ಕಪ್ಪು-ಬಿಳುಪಿನಲ್ಲಿ ಬೀದಿಯ ಬದುಕನ್ನು ಕ್ಯಾಂಡಿಡ್ ಆಗಿ, ಅಂದರೆ ಪೋಸು ಕೊಡಿಸದೆ ಇದ್ದಂತೆಯೇ, ಸೆರೆಹಿಡಿಯಬೇಕೆನ್ನುವವರು ಮೊದಲು ಮನಗಾಣಬೇಕಾದ ಸಂಗತಿ ಇದು. ಬಣ್ಣದಿಂದ ಬೇರೆಯಾಗಿ ಕಾಣುತ್ತಿದ್ದುದನ್ನು ಇಲ್ಲಿ ಬೆಳಕಿನಿಂದ ಬೇರೆ ಮಾಡಿ ತೋರಿಸಬೇಕಾಗುತ್ತದೆ. ಬಣ್ಣದಲ್ಲಿ ಕೆಟ್ಟ ಫೋಟೊವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಉಳಿಸಿಕೊಳ್ಳುವ ರೂಢಿ ಹಲವರಲ್ಲಿದೆ. ಕಲಿಯುವವರು ಅದನ್ನು ಆರಂಭದಲ್ಲೇ ಬಿಡುವುದು ಮೇಲು.

ಬೆಳಕಿನ ವೇಳೆ

ನಗರವು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ನೆರಳು ಕಾಲಡಿಗೆ ಸೇರಿಕೊಳ್ಳುತ್ತದೆ, ರುಮಾಲಿನ ಕೆಳಗಿನ ಕಣ್ಣುಗಳು ಬರಿಯ ಕಪ್ಪು ಗುಳಿಗಳಾಗಿ ಬೀಳುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ನಂತರ ಹೊರಡಬೇಕು. ಡಿಸೆಂಬರ್ ಕೊನೆಯಲ್ಲಿ ಈ ನಿರ್ಬಂಧವಿಲ್ಲ. ಆಗ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ನಾಲ್ಕೂವರೆ ಅಡಿಗಿಂತ ಉದ್ದ ಬೀಳುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬರುವುದೂ ಇದೇ ಬೆಳಕಿನ ಕಾಲದಲ್ಲಿ. ಬೀದಿ ಛಾಯಾಗ್ರಹಣವನ್ನು ಹೊಸದಾಗಿ ಆರಂಭಿಸುವವರಿಗೆ ಇದಕ್ಕಿಂತ ಒಳ್ಳೆಯ ಋತು ಇಲ್ಲವೆಂದೇ ನನ್ನ ಅಭಿಪ್ರಾಯ.

ನಿಲ್ಲುವ ಜಾಗ, ಕಾಯುವ ಕೆಲಸ

ಜನರ ಬೆನ್ನುಹತ್ತಿ ಹೋಗುವುದಕ್ಕಿಂತ ಬೆಳಕು ಚೆನ್ನಾಗಿರುವ ಒಂದು ಜಾಗವನ್ನು ಆರಿಸಿ, ಜನರೇ ಅದರೊಳಗೆ ಬರುವತನಕ ಕಾಯಬೇಕು. ಎರಡನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಅರ್ಧಕ್ಕೆ ನಿಂತ ಸಮಾಧಿ ಕಟ್ಟಡ ಬಾರಾ ಕಮಾನ್‌ಗೆ ಚಾವಣಿಯಿಲ್ಲ. ಬೆಳಗಿನ ಬಿಸಿಲಿಗೆ ಅದರ ಕಪ್ಪುಕಲ್ಲಿನ ಕಮಾನುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಬಿಳಿ ಧೋತರದ ಹಿರಿಯರೊಬ್ಬರು ಆ ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ಅವರ ಆಕಾರ ಕಪ್ಪು ಹಿನ್ನೆಲೆಯಿಂದ ತಾನಾಗಿ ಬೇರ್ಪಡುತ್ತದೆ. ಗಾಂಧಿ ಚೌಕದಲ್ಲಾದರೆ ಅಂಗಡಿಯ ತಾಡಪತ್ರಿಯ ಸಂದಿನಿಂದ ಬೀಳುವ ಬೆಳಕಿನ ಪಟ್ಟೆಯನ್ನು ಗುರುತಿಸಿಟ್ಟುಕೊಂಡರೂ ಸಾಕು. ಸ್ಮಾರಕಗಳ ಆವರಣಕ್ಕೆ ಟ್ರೈಪಾಡ್ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಈ ಬಗೆಯ ಚಿತ್ರಗಳಿಗೆ ಅದರ ಅಗತ್ಯವೂ ಇಲ್ಲ.

ಕ್ಯಾಮೆರಾದ ಹೊಂದಾಣಿಕೆ

ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 28 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8 ಇಟ್ಟು, ಫೋಕಸ್ಸನ್ನು ಸುಮಾರು 3.3 ಮೀಟರಿಗೆ ಕೈಯಿಂದಲೇ ನಿಲ್ಲಿಸಿದರೆ, ಒಂದೂಮುಕ್ಕಾಲು ಮೀಟರಿನಿಂದ ಆಚೆಗಿರುವುದೆಲ್ಲ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತದೆ. 35 ಮಿ.ಮೀ. ಲೆನ್ಸಿನಲ್ಲಿ 3 ಮೀಟರಿಗೆ ನಿಲ್ಲಿಸಿದರೆ ಸರಿಸುಮಾರು 2ರಿಂದ 7 ಮೀಟರಿನವರೆಗಿನ ಜನ ಸ್ಪಷ್ಟವಾಗಿರುತ್ತಾರೆ. ಹೀಗೆ ಮೊದಲೇ ಸಿದ್ಧವಿದ್ದರೆ ಕ್ಯಾಮೆರಾ ಎತ್ತಿದ ಮೇಲೆ ಫೋಕಸ್ ಹುಡುಕುತ್ತ ಕ್ಷಣವನ್ನು ಕಳೆದುಕೊಳ್ಳುವ ಪ್ರಸಂಗ ಬಾರದು. ಶಟರ್ ವೇಗ ನಡೆಯುವವರಿಗೆ 1/250 ಸೆಕೆಂಡ್, ಓಡುವ ಟಾಂಗಾಕ್ಕೆ 1/500ಕ್ಕಿಂತ ಕಡಿಮೆ ಇರಬಾರದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಸ್ವಯಂಚಾಲಿತವಾಗಿರಲಿ.

ಬಿಳಿ ಅಂಗಿ, ಬಿಳಿ ಟೊಪ್ಪಿಗೆಗಳ ಊರಿನಲ್ಲಿ ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸುವುದು ಕ್ಷೇಮ. ಬಿಳಿಯಲ್ಲಿ ಕಳೆದುಹೋದ ಬಟ್ಟೆಯ ಮಡಿಕೆ ಮರಳಿ ಬಾರದು, ನೆರಳಿನಲ್ಲಿ ಅಡಗಿದ ವಿವರ ಸೆನ್ಸರಿನ ಮೂಲ ಮಾಹಿತಿಯುಳ್ಳ ರಾ ಫೈಲಿನಿಂದ ತಕ್ಕಮಟ್ಟಿಗೆ ಹೊರಬರುತ್ತದೆ. ಫೈಲು ರಾ ಆಗಿರಲಿ, ಪಿಕ್ಚರ್ ಸ್ಟೈಲ್ (ಕ್ಯಾಮೆರಾದಲ್ಲಿ ಚಿತ್ರದ ಬಣ್ಣದ ಶೈಲಿಯ ಆಯ್ಕೆ) ಮಾತ್ರ ಮೊನೊಕ್ರೋಮ್ ಆಗಿರಲಿ: ಪರದೆಯ ಮೇಲೆ ಕಪ್ಪು-ಬಿಳುಪು ಕಾಣುತ್ತದೆ, ಬಣ್ಣದ ಮಾಹಿತಿಯೂ ಫೈಲಿನಲ್ಲಿ ಉಳಿಯುತ್ತದೆ. ಮೊಬೈಲಿನಲ್ಲಿ ತೆಗೆಯುವವರು ವ್ಯಕ್ತಿಯ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ, ಬೆಳಕಿನ ಗುರುತನ್ನು ತುಸು ಕೆಳಗೆ ಎಳೆದರಾಯಿತು.

ಜನರೊಡನೆ

ಕ್ಯಾಂಡಿಡ್ ಎಂದರೆ ಕದ್ದು ತೆಗೆಯುವುದೆಂದು ತಿಳಿಯಬಾರದು. ಕ್ಯಾಮೆರಾವನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ನಿಂತರೆ ಸ್ವಲ್ಪ ಹೊತ್ತಿಗೆ ಜನ ತಮ್ಮ ಕೆಲಸಕ್ಕೆ ಮರಳುತ್ತಾರೆ. ತೆಗೆದ ಮೇಲೆ "ಕಾಕಾರ, ನಿಮ್ದೊಂದು ಫೋಟೊ ತಗದೀನ್ರಿ, ನೋಡ್ರಿ" ಎಂದು ತೋರಿಸಬೇಕು. "ಬ್ಯಾಡ್ರಿ, ಅಳಿಸ್ರಿ" ಎಂದರೆ ಅವರೆದುರಿಗೇ ಅಳಿಸಬೇಕು, ಚಿತ್ರ ಎಷ್ಟೇ ಚೆನ್ನಾಗಿದ್ದರೂ. ಮಕ್ಕಳ ಚಿತ್ರಕ್ಕೆ ಹೆತ್ತವರ ಒಪ್ಪಿಗೆ ಇರಲೇಬೇಕು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದರೆ ಸಾಮಾನ್ಯ ಜನರ ಎದುರು ಗೌರವದಿಂದ ನಿಲ್ಲುವ ಬಗೆ ಅರ್ಥವಾಗುತ್ತದೆ. ಕಲಿಯುವವರು ಅವುಗಳನ್ನು ಹುಡುಕಿ ನೋಡಬೇಕು.

ಬಣ್ಣದಿಂದ ಬೂದು ಛಾಯೆಗೆ

ಸಂಕಲನದಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ಲೈಡರನ್ನು ಪೂರ್ತಿ ಕೆಳಕ್ಕೆ ಎಳೆಯುವುದು ಸುಲಭದ ದಾರಿ, ಆದರೆ ಅದರಲ್ಲಿ ನಮ್ಮ ಆಯ್ಕೆಗೆ ಎಡೆಯಿಲ್ಲ. ಬಣ್ಣವನ್ನು ಬೂದು ಛಾಯೆಗೆ ತಿರುಗಿಸಲು ತಂತ್ರಾಂಶಗಳು ಸಿದ್ಧ ಸೂತ್ರಗಳನ್ನು ಬಳಸುತ್ತವೆ. ಟಿವಿ ಕಾಲದಿಂದ ಬಂದ ಒಂದು ಸೂತ್ರದಲ್ಲಿ ಹಸಿರಿಗೆ ಸುಮಾರು ಶೇ 59, ಕೆಂಪಿಗೆ ಶೇ 30, ನೀಲಿಗೆ ಶೇ 11ರಷ್ಟು ತೂಕ. ಇದರ ಬದಲು ಫೋಟೊ ಸಂಕಲನದ ತಂತ್ರಾಂಶಗಳಾದ ಲೈಟ್‌ರೂಮ್‌ನಲ್ಲಿರುವ ಕಪ್ಪು-ಬಿಳುಪು ಮಿಶ್ರಣ ಅಥವಾ ಸ್ನ್ಯಾಪ್‌ಸೀಡ್‌ನ ಬಣ್ಣದ ಫಿಲ್ಟರುಗಳನ್ನು ಬಳಸಿದರೆ ಯಾವ ಬಣ್ಣ ಬೆಳಗಬೇಕು, ಯಾವುದು ಕಪ್ಪಾಗಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಟೊಮ್ಯಾಟೊ ಮತ್ತು ಮೆಣಸಿನಕಾಯಿಯ ರಾಶಿಗಳು ಬೇರ್ಪಡುವುದು ಇಲ್ಲಿಯೇ: ಕೆಂಪನ್ನು ಏರಿಸಿ ಹಸಿರನ್ನು ಇಳಿಸಬೇಕು.

ಇಳಕಲ್ ಸೀರೆಯ ಸೆರಗನ್ನು ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಬಹುದು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳ ಸಾಲು ಇರುತ್ತದೆ. ಕೆಂಪಿನ ಸ್ಲೈಡರನ್ನು ಕೆಳಗಿಳಿಸಿದಂತೆ ಸೆರಗು ಕಪ್ಪಾಗಿ ಪ್ರತಿಯೊಂದು ತೆನೆಯೂ ಬೆಳ್ಳಗೆ ಎದ್ದು ಬರುತ್ತದೆ, ಮೇಲೇರಿಸಿದಂತೆ ಸೆರಗೂ ತೆನೆಯೂ ಒಂದಾಗಿ ನೇಯ್ಗೆಯೇ ಮಾಯವಾಗುತ್ತದೆ. ಆದರೆ ಅದೇ ಸ್ಲೈಡರ್ ತುಟಿ ಮತ್ತು ಕೆನ್ನೆಗಳನ್ನೂ ಕಪ್ಪಾಗಿಸುವುದರಿಂದ, ಮಾಸ್ಕ್ (ಚಿತ್ರದ ಒಂದು ಭಾಗವನ್ನಷ್ಟೇ ಆರಿಸುವ ಸಾಧನ) ಬಳಸಿ ಮುಖಕ್ಕೆ ಮಾತ್ರ ಬೇರೆಯಾಗಿ ಬೆಳಕು ಕೊಡಬೇಕಾಗುತ್ತದೆ.

ಚರ್ಮದ ಬಣ್ಣ ಹೆಚ್ಚಾಗಿ ಕಿತ್ತಳೆಯ ಸ್ಲೈಡರಿಗೆ ಒಳಪಟ್ಟಿರುತ್ತದೆ. ಅದನ್ನು ಏರಿಸಿ ಮುಖವನ್ನು ಬೆಳ್ಳಗೆ ಮಾಡುವ ಆಸೆಯನ್ನು ತಡೆಯಬೇಕು. ಹೊಲದ ಬಿಸಿಲಿನಲ್ಲಿ ದುಡಿದು ಕಪ್ಪಾದ ರೈತನ ಮುಖ ಕಪ್ಪಾಗಿಯೇ ಇರಬೇಕು. ಕೆನ್ನೆಲುಬಿನ ಮೇಲಿನ ಹೊಳಪು, ಕಣ್ಣಂಚಿನ ಸುಕ್ಕು, ನರೆತ ಮೀಸೆಯ ಕೂದಲು ಇವು ಆ ಕಪ್ಪಿನೊಳಗೆ ಕಾಣುವಂತೆ ಮಾಡುವುದೇ ಸಂಕಲನಕಾರನ ಕೆಲಸ. ಇದಕ್ಕೆ ಮುಖದ ಬೆಳಕಿನ ಭಾಗಗಳನ್ನಷ್ಟೇ ಬ್ರಷ್‌ನಿಂದ ತುಸು ಏರಿಸಿದರೆ ಸಾಕು.

ಕರ್ವ್ (ಬೆಳಕು-ನೆರಳನ್ನು ತಿದ್ದುವ ಗೆರೆ), ಕಾಂಟ್ರಾಸ್ಟ್ ಹೊಂದಿಸುವಾಗ ಚಿತ್ರದಲ್ಲಿ ಒಂದಿಷ್ಟು ಜಾಗ ಅಪ್ಪಟ ಕಪ್ಪು ಇರಲಿ, ಅದು ಮುಖದ ಮೇಲೆ ಬಾರದಿರಲಿ. ನೀಲಿಯನ್ನು ಅತಿಯಾಗಿ ಇಳಿಸಿದರೆ ಆಕಾಶದಲ್ಲಿ ಕಣಕಣವಾದ ಚುಕ್ಕೆಗಳು (ನಾಯ್ಸ್) ಕಾಣಿಸುತ್ತವೆ, ಗುಮ್ಮಟಗಳ ಅಂಚಿನಲ್ಲಿ ಬಿಳಿಯ ಗೆರೆ ಮೂಡುತ್ತದೆ. ಗ್ರೇನ್ (ಹಳೆಯ ಫಿಲ್ಮಿನಂಥ ಕಣಗಳ ನೋಟ) ಸೇರಿಸುವುದು ಅವರವರ ರುಚಿಗೆ ಬಿಟ್ಟದ್ದು.

ಮುದ್ರಿಸುವುದಿದ್ದರೆ ಮೊದಲು ಸಣ್ಣ ಅಳತೆಯ ಒಂದು ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಬಣ್ಣದ ಯಂತ್ರದಲ್ಲಿ ಮುದ್ರಿಸಿದ ಕಪ್ಪು-ಬಿಳುಪಿನಲ್ಲಿ ಹಸಿರು ಅಥವಾ ಕೆನ್ನೀಲಿಯ ಛಾಯೆ ಸೇರಿಕೊಳ್ಳುವುದುಂಟು. ಮ್ಯಾಟ್ (ಹೊಳಪಿಲ್ಲದ) ಕಾಗದದಲ್ಲಿ ನೆರಳಿನ ಭಾಗಗಳು ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗಿ ಬರುತ್ತವೆ. ಹಾಗಾದರೆ ನೆರಳನ್ನು ಸ್ವಲ್ಪ ತಿಳಿಗೊಳಿಸಿದ ಬೇರೊಂದು ಫೈಲನ್ನು ಮುದ್ರಣಕ್ಕೆಂದೇ ಇಟ್ಟುಕೊಳ್ಳಬೇಕು.